ಗಾಳಿ ಬೀಸುವಾಗ ಕ್ರೇನ್ ಎಷ್ಟು ಸುರಕ್ಷಿತ?

ಭಂಕೂರ: ಶಹಾಬಾದ್, ವಾಡಿ, ಸೇಡಂ ಪರಿಸರದಲ್ಲಿ ಸಿಮೆಂಟ್ ಕಾರ್ಖಾನೆಗಳ ಗೋಪುರಗಳು ದೂರದಿಂದಲೇ ಕಾಣುತ್ತವೆ. ಅವುಗಳ ನಿರ್ಮಾಣಕ್ಕೂ ದುರಸ್ತಿಗೂ ಎತ್ತರದ ಕ್ರೇನ್‌ಗಳು ಅನಿವಾರ್ಯ. ಆದರೆ ಏಪ್ರಿಲ್-ಮೇ ತಿಂಗಳ ಸಂಜೆಗಳಲ್ಲಿ ಧೂಳೆಬ್ಬಿಸಿಕೊಂಡು ಬರುವ ಗುಡುಗು ಮಳೆಯ ಗಾಳಿ, ಎತ್ತಿದ ಭಾರವನ್ನು ಕೆಳಗಿಳಿಸಲೂ ಕೆಲವೊಮ್ಮೆ ಸಮಯ ಕೊಡುವುದಿಲ್ಲ.

ಗಾಳಿಯ ಒತ್ತಡವು ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 4302, ಕೆಲಸದಲ್ಲಿರುವ ಕ್ರೇನ್‌ಗಳ ವಿನ್ಯಾಸಕ್ಕೆ ಸೆಕೆಂಡಿಗೆ 14, 20 ಹಾಗೂ 28.5 ಮೀಟರ್ ಎಂಬ ಮೂರು ಮಟ್ಟಗಳನ್ನು ಗುರುತಿಸಿದೆ. ಸಾಮಾನ್ಯ ಕ್ರೇನ್‌ಗೆ ಅನ್ವಯಿಸುವ 20 ಮೀಟರ್ ಎಂದರೆ ಗಂಟೆಗೆ 72 ಕಿ.ಮೀ. ಇದರ ಒತ್ತಡ, 14 ಮೀಟರ್ ವೇಗದ ಗಾಳಿಯ ಒತ್ತಡದ ಎರಡು ಪಟ್ಟು. ಭಾರತದಲ್ಲಿ ಕ್ರೇನ್‌ನ ಉಕ್ಕಿನ ರಚನೆಗೆ ಐಎಸ್ 807 ಇದೆ. ಸ್ಥಳವಾರು ಗಾಳಿವೇಗದ ನಕ್ಷೆ, 2015ರಲ್ಲಿ ಪರಿಷ್ಕೃತವಾದ ಐಎಸ್ 875ರ ಮೂರನೇ ಭಾಗದಲ್ಲಿದೆ.

ಆದರೆ ಕ್ರೇನ್ ತಾಳಿಕೊಳ್ಳುವ ಗಾಳಿಯನ್ನು ಅದು ಎತ್ತಿದ ವಸ್ತುವೂ ತಾಳಿಕೊಳ್ಳುತ್ತದೆ ಎಂದು ಭಾವಿಸುವುದು ತಪ್ಪು. ಯುರೋಪಿನ ಇಎನ್ 13000 ಪ್ರಕಾರ ಸಂಚಾರಿ ಕ್ರೇನ್‌ನ ಭಾರಪಟ್ಟಿಯನ್ನು, ಪ್ರತಿ ಟನ್‌ಗೆ ಸುಮಾರು ಒಂದು ಚದರ ಮೀಟರ್ ಮೇಲ್ಮೈ ಗಾಳಿಗೆ ಒಡ್ಡಿಕೊಳ್ಳುವುದೆಂಬ ಲೆಕ್ಕದಲ್ಲಿ ಸಿದ್ಧಪಡಿಸಲಾಗುತ್ತದೆ. 5 ಟನ್ ತೂಕದ ತಗಡಿನ ನಾಳವೊಂದು 20 ಚದರ ಮೀಟರ್ ಹರಡಿದ್ದರೆ, ಅದು ಹಡಗಿನ ಹಾಯಿಯಂತೆ ನಾಲ್ಕು ಪಟ್ಟು ಗಾಳಿಯನ್ನು ಹಿಡಿಯುತ್ತದೆ. ಆಗ ಅನುಮತಿಸಿದ ಗಾಳಿವೇಗವನ್ನು ಅದಕ್ಕೆ ತಕ್ಕಂತೆ ಇಳಿಸಲೇಬೇಕು.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಮಿಲ್ವಾಕಿ ನಗರದ ಘಟನೆ ಸಾಕ್ಷಿ. 1999ರ ಜುಲೈ 14ರಂದು ಕ್ರೀಡಾಂಗಣವೊಂದರ 400 ಟನ್‌ಗೂ ಹೆಚ್ಚು ತೂಕದ ಛಾವಣಿಯ ತುಂಡನ್ನು ಎತ್ತುತ್ತಿದ್ದ ದೈತ್ಯ ಕ್ರೇನ್ ಕುಸಿಯಿತು. ಮತ್ತೊಂದು ಕ್ರೇನ್‌ನ ತೊಟ್ಟಿಲಲ್ಲಿ ನಿಂತಿದ್ದ ಮೂವರು ಕಾರ್ಮಿಕರು ಮೃತಪಟ್ಟರು. ಛಾವಣಿಯ ಮೇಲೆ ಬೀಳುವ ಗಾಳಿಯ ಒತ್ತಡವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲವೆಂಬುದು ತನಿಖೆಯಲ್ಲಿ ಬಯಲಾಯಿತು.

ನೆಲದಲ್ಲಿ ನಿಂತವನಿಗೆ ತಂಗಾಳಿ ಎನಿಸಿದ್ದು ನೂರು ಮೀಟರ್ ಮೇಲೆ ಬಿರುಗಾಳಿಯಾಗಿರಬಹುದು. ಆದ್ದರಿಂದ ಗಾಳಿಮಾಪಕವು ಕ್ರೇನ್‌ನ ತುದಿಯಲ್ಲೇ ಇರಬೇಕು. ಸರಾಸರಿ ವೇಗಕ್ಕಿಂತ ಒಮ್ಮೆಲೇ ನುಗ್ಗುವ ರಭಸದ ಮೇಲೆ ಕಣ್ಣಿಡಬೇಕು. ಗೋಪುರ ಕ್ರೇನ್ ಆಗಿದ್ದರೆ, ಕೆಲಸ ಮುಗಿದ ಬಳಿಕ ಅದರ ತಿರುಗು ಬ್ರೇಕನ್ನು ಸಡಿಲಿಸಿ ಗಾಳಿಕೋಳಿಯಂತೆ ತಾನಾಗಿ ತಿರುಗಲು ಬಿಡುವುದು ವಾಡಿಕೆ. ಬಿಗಿದು ನಿಲ್ಲಿಸಿದರೆ ಇಡೀ ತೋಳೇ ಗಾಳಿಗೆ ಅಡ್ಡಲಾಗಿ ನಿಲ್ಲುವ ಅಪಾಯವಿದೆ. ಹೊಸಬರಿಗೆ ಇದು ವಿಚಿತ್ರವೆನಿಸಬಹುದು.

ಕೆಲಸ ನಿಲ್ಲಿಸುವ ಅಧಿಕಾರ ಕ್ರೇನ್ ಚಾಲಕನಿಗೇ ಇರಬೇಕು. ಸಮಯದ ಒತ್ತಡದಲ್ಲಿರುವ ಗುತ್ತಿಗೆದಾರನ ಕೈಯಲ್ಲಿ ಅದು ಉಳಿದರೆ, ಭಾರದ ಕೆಳಗೆ ನಿಂತ ಕೂಲಿಕಾರನಿಗೆ ಯಾವ ಮಾನದಂಡವೂ ರಕ್ಷಣೆ ನೀಡದು.