ವಿಕಿಪೀಡಿಯದ ‘ಚುಟುಕು’ ಲೇಖನಗಳು: ವಿಂಗಡಣೆ ಎಂದರೇನು, ಜೈನ ಸಮಾಜ ಏನು ಮಾಡಬಹುದು?

ದೇವದುರ್ಗ: ಶಾಲೆಗೆ ಹೋಗುವ ಮಗುವಿಗೆ ‘ಕೊಪಣ ತೀರ್ಥದ ಬಗ್ಗೆ ಒಂದು ಪುಟ ಬರೆದುಕೊಂಡು ಬಾ’ ಎಂದು ಹೇಳಿದರೆ ಅದು ಮೊದಲು ಹುಡುಕುವುದು ಮೊಬೈಲಿನಲ್ಲಿ. ಮೊಬೈಲ್ ಬಹಳ ಸಲ ತೋರಿಸುವುದು ವಿಕಿಪೀಡಿಯವನ್ನು. ಅಲ್ಲಿ ಎರಡೇ ಸಾಲು ಇದ್ದರೆ ಮಗುವಿಗೆ ಗೊತ್ತಾಗುವುದೂ ಎರಡೇ ಸಾಲು. ಹಿರಿಯರ ನೆನಪಿನಲ್ಲಿ, ಬಸದಿಯ ಗೋಡೆಯ ಕಲ್ಲಿನಲ್ಲಿ, ಮಠದ ಕಪಾಟಿನ ಪುಸ್ತಕದಲ್ಲಿ ಎಷ್ಟೇ ಮಾಹಿತಿ ಇದ್ದರೂ ಅದು ಆ ಮಗುವಿನ ಕೈಗೆ ಸಿಗುವುದಿಲ್ಲ. ಈ ಕಾರಣಕ್ಕೆ ವಿಕಿಪೀಡಿಯದಲ್ಲಿ ‘ಚುಟುಕು’ ಎಂದು ಕರೆಯುವ ಅಪೂರ್ಣ ಲೇಖನಗಳು ಯಾವುವು, ಅವನ್ನು ಸ್ವಯಂಸೇವಕರು ಹೇಗೆ ವಿಂಗಡಿಸುತ್ತಾರೆ ಎಂಬುದನ್ನು ಜೈನ ಕುಟುಂಬಗಳು ತಿಳಿದುಕೊಳ್ಳುವುದು ಒಳ್ಳೆಯದು.

ಚುಟುಕು ಎಂದರೆ ಏನು?

ವಿಕಿಪೀಡಿಯ ಯಾರು ಬೇಕಾದರೂ ಓದಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶ. ಇಂಗ್ಲಿಷಿನಲ್ಲಿ ಇದು 2001ರ ಜನವರಿಯಲ್ಲಿ ಆರಂಭವಾಯಿತು. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಗಿ, ಈಗ ಅದರಲ್ಲಿ 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಬರೆಯುವವರಿಗೆ ಸಂಬಳವಿಲ್ಲ, ಲೇಖನದ ಕೆಳಗೆ ಹೆಸರೂ ಇರುವುದಿಲ್ಲ. ಎಲ್ಲರೂ ಸ್ವಯಂಸೇವಕರೇ.

ವಿಷಯ ದೊಡ್ಡದಿದ್ದು ಬರಹ ಮಾತ್ರ ನಾಲ್ಕಾರು ಸಾಲಿಗೆ ನಿಂತಿದ್ದರೆ ಅಂಥ ಲೇಖನವನ್ನು ಕನ್ನಡದಲ್ಲಿ ‘ಚುಟುಕು’ ಎನ್ನುತ್ತಾರೆ. ಇಷ್ಟೇ ಪದ ಇರಬೇಕೆಂಬ ಕಟ್ಟುನಿಟ್ಟಿನ ಲೆಕ್ಕ ಇಲ್ಲ. ಒಂದು ಸಣ್ಣ ವಿಷಯಕ್ಕೆ ಹತ್ತು ಸಾಲು ಸಾಕಾಗಬಹುದು, ಅದು ಚುಟುಕಲ್ಲ. ಶ್ರವಣಬೆಳಗೊಳದಂಥ ಕ್ಷೇತ್ರಕ್ಕೆ ಐವತ್ತು ಸಾಲು ಇದ್ದರೂ ಸಾಲದು. ಓದುಗನಿಗೆ ಬೇಕಾದ ಮುಖ್ಯ ಸಂಗತಿ ಬಿಟ್ಟುಹೋಗಿದೆಯೇ ಎಂಬುದೇ ಅಳತೆ.

ಚುಟುಕು ಎನ್ನುವುದು ಬೈಗುಳವಲ್ಲ. ‘ಇಲ್ಲಿ ಕೆಲಸ ಬಾಕಿ ಇದೆ, ಬಲ್ಲವರು ಮುಂದುವರಿಸಿ’ ಎಂಬ ಚೀಟಿ ಅಷ್ಟೆ.

ವಿಂಗಡಣೆ ಏಕೆ ಬೇಕು?

ರಾಯಚೂರು ಮಾರುಕಟ್ಟೆಗೆ ಬಂದ ಹತ್ತಿಯನ್ನೆಲ್ಲ ಒಂದೇ ರಾಶಿ ಹಾಕಿದರೆ ಖರೀದಿದಾರ ಅದನ್ನು ಮುಟ್ಟುವುದಿಲ್ಲ. ತಳಿ, ಎಳೆ, ತೇವ ನೋಡಿ ಬೇರೆ ಮಾಡಿದರೆ ಬೇಕಾದವನು ಬೇಕಾದ ಕಡೆ ಹೋಗುತ್ತಾನೆ. ಅಪೂರ್ಣ ಲೇಖನಗಳದೂ ಇದೇ ಕಥೆ. ಸಾವಿರಾರು ಚುಟುಕುಗಳು ಒಂದೇ ಪಟ್ಟಿಯಲ್ಲಿ ಇದ್ದರೆ ಶಾಸನ ಬಲ್ಲವನಿಗೆ ತನ್ನ ಲೇಖನ ಸಿಗುವುದಿಲ್ಲ. ಸಿನಿಮಾ ಒಂದು ಕಡೆ, ಊರು ಒಂದು ಕಡೆ, ಬಸದಿ ಒಂದು ಕಡೆ, ಕವಿ ಒಂದು ಕಡೆ ಎಂದು ಬೇರೆ ಮಾಡಿದರೆ ಬಲ್ಲವನು ನೇರವಾಗಿ ತನ್ನ ವಿಷಯಕ್ಕೆ ಬರುತ್ತಾನೆ.

ಇಂಗ್ಲಿಷ್ ವಿಕಿಪೀಡಿಯದಲ್ಲಿ ಇದಕ್ಕೆಂದೇ ಸ್ವಯಂಸೇವಕರ ಒಂದು ಗುಂಪು ವರ್ಷಗಳಿಂದ ಕೆಲಸ ಮಾಡುತ್ತಿದೆ. ಸಾಮಾನ್ಯವಾಗಿ 60ರಷ್ಟು ಲೇಖನಗಳಾದರೂ ಸಿಗುವಂತಿದ್ದರೆ ಮಾತ್ರ ಹೊಸ ಚುಟುಕು ವರ್ಗ ಮಾಡಬೇಕೆಂಬ ರೂಢಿ ಅಲ್ಲಿದೆ. ಇಲ್ಲದಿದ್ದರೆ ನಾಲ್ಕು ಮೂಟೆಗೆ ಒಂದು ಗೋದಾಮು ಕಟ್ಟಿದಂತಾಗುತ್ತದೆ. ಅಲ್ಲಿ ಜೈನ ವಿಷಯದ ಚುಟುಕುಗಳಿಗೆ ಪ್ರತ್ಯೇಕ ವರ್ಗವೇ ಇದೆ. ಕನ್ನಡದಲ್ಲಿ ಲೇಖನಗಳೂ ಕಡಿಮೆ, ಕೆಲಸ ಮಾಡುವವರೂ ಕಡಿಮೆ. ಆದ್ದರಿಂದ ಅಷ್ಟು ಸಣ್ಣ ಸಣ್ಣ ವಿಭಾಗ ಮಾಡುವ ಅಗತ್ಯ ಕಾಣುವುದಿಲ್ಲ. ಚುಟುಕು ಎಂದು ಗುರುತಿಸಿ, ಸರಿಯಾದ ವಿಷಯದ ವರ್ಗಕ್ಕೆ ಸೇರಿಸಿದರೆ ಸಾಕು.

ಕೆಲಸ ನಡೆಯುವ ಬಗೆ

ಲೇಖನದ ಕೊನೆಯಲ್ಲಿ ಜೋಡಿ ಪುಷ್ಪಾವರಣದ ಒಳಗೆ ‘ಚುಟುಕು’ ಎಂದು ಬರೆದರೆ, ಇದು ಅಪೂರ್ಣ ಲೇಖನ, ವಿಸ್ತರಿಸಲು ಸಹಾಯ ಮಾಡಿ ಎಂಬ ಸೂಚನೆ ಪುಟದಲ್ಲಿ ಕಾಣುತ್ತದೆ. ಲೇಖನ ತಾನಾಗಿಯೇ ಚುಟುಕುಗಳ ಪಟ್ಟಿಗೆ ಸೇರುತ್ತದೆ. ಲೇಖನ ಬೆಳೆದ ಮೇಲೆ ಆ ಪದವನ್ನು ಅಳಿಸಿದರೆ ಪಟ್ಟಿಯಿಂದ ಹೊರಬರುತ್ತದೆ. ಅಳಿಸಲು ಯಾರ ಅಪ್ಪಣೆಯೂ ಬೇಕಿಲ್ಲ.

ಚೀಟಿ ಅಂಟಿಸುವ ಮೊದಲು ಸ್ವಯಂಸೇವಕರು ಮೂರು ಸಂಗತಿ ನೋಡುತ್ತಾರೆ.

ಒಂದು, ಇದೇ ವಿಷಯದ ಇನ್ನೊಂದು ಲೇಖನ ಬೇರೆ ಹೆಸರಿನಲ್ಲಿ ಇದೆಯೇ? ಜೈನ ಕ್ಷೇತ್ರಗಳಲ್ಲಿ ಈ ತೊಡಕು ಹೆಚ್ಚು. ಮಳಖೇಡವೇ ಮಾನ್ಯಖೇಟ, ಕೊಪ್ಪಳವೇ ಕೊಪಣ. ಮೂಡುಬಿದಿರೆ, ಮೂಡಬಿದ್ರಿ ಎರಡೂ ಬಳಕೆಯಲ್ಲಿವೆ. ಬಸದಿ ಎನ್ನುವವರೂ ಇದ್ದಾರೆ, ಬಸ್ತಿ ಎನ್ನುವವರೂ ಇದ್ದಾರೆ. ಎರಡು ಕಡೆ ಅರ್ಧರ್ಧ ಇದ್ದರೆ ಅವನ್ನು ಕೂಡಿಸಿ, ಒಂದು ಹೆಸರಿನಿಂದ ಇನ್ನೊಂದಕ್ಕೆ ದಾರಿ ತೋರಿಸುವ ‘ಪುನರ್ನಿರ್ದೇಶನ’ ಹಾಕುತ್ತಾರೆ.

ಎರಡು, ಬರೆದದ್ದಕ್ಕೆ ಆಧಾರ ಇದೆಯೇ? ಆಧಾರವಿಲ್ಲದ ಹತ್ತು ಪುಟಕ್ಕಿಂತ ಆಧಾರವಿರುವ ಐದು ಸಾಲು ಮೇಲು.

ಮೂರು, ಉದ್ದ ಇದ್ದ ಮಾತ್ರಕ್ಕೆ ಲೇಖನ ಚೆನ್ನಾಗಿದೆಯೇ? ಹಿಂದೆ ಗೂಗಲ್ ಸಂಸ್ಥೆಯ ಅನುವಾದ ಯೋಜನೆಯಿಂದ ಇಂಗ್ಲಿಷಿನ ಉದ್ದುದ್ದ ಲೇಖನಗಳು ಕನ್ನಡಕ್ಕೆ ಬಂದವು. ಅವುಗಳಲ್ಲಿ ಅನೇಕವನ್ನು ಓದಿ ಅರ್ಥ ಮಾಡಿಕೊಳ್ಳುವುದೇ ಕಷ್ಟ. ಅವು ಚುಟುಕಲ್ಲ, ಆದರೆ ದುರಸ್ತಿ ಅವಕ್ಕೂ ಬೇಕು.

ಕೊಪಣ: ಒಂದು ಮಾದರಿ

‘ಕೊಪಣ ಎಂಬುದು ಇಂದಿನ ಕೊಪ್ಪಳ. ಇದು ಪ್ರಾಚೀನ ಜೈನ ತೀರ್ಥ’ ಎಂದು ಎರಡೇ ವಾಕ್ಯದ ಲೇಖನ ಇದೆ ಎಂದುಕೊಳ್ಳೋಣ. ಹೇಳಿದ್ದರಲ್ಲಿ ತಪ್ಪಿಲ್ಲ. ಬಿಟ್ಟಿರುವುದು ಏನು?

ನೃಪತುಂಗನ ಕಾಲದ, ಅಂದರೆ 9ನೇ ಶತಮಾನದ ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಊರುಗಳಲ್ಲಿ ಕೊಪಣವೂ ಒಂದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಬಸದಿಗಳನ್ನು ಜೀರ್ಣೋದ್ಧಾರ ಮಾಡಿ ಗಂಗವಾಡಿಯನ್ನೇ ಕೊಪಣದಂತೆ ಮಾಡಿದ ಎಂದು ಶಾಸನ ಹೊಗಳುತ್ತದೆ. ಅಂದರೆ ಆ ಕಾಲಕ್ಕೆ ಒಂದು ನಾಡನ್ನು ಹೊಗಳಬೇಕಾದರೆ ಕೊಪಣಕ್ಕೆ ಹೋಲಿಸುತ್ತಿದ್ದರು. ಶ್ರವಣಬೆಳಗೊಳದಲ್ಲಿ 1159ರ ಭಂಡಾರಿ ಬಸದಿ ಕಟ್ಟಿಸಿದ ಹುಳ್ಳನು ಕೊಪಣದ ಮುನಿಸಂಘಕ್ಕೂ ದಾನ ಕೊಟ್ಟಿದ್ದ. ಕೊಪ್ಪಳದ ಪಾಲ್ಕಿಗುಂಡು ಬೆಟ್ಟದಲ್ಲಿ ಅಶೋಕನ ಶಾಸನವೂ ಇದೆ, ‘ವರಾಂಗಚರಿತ’ ಬರೆದ ಜಟಾಸಿಂಹನಂದಿ ಆಚಾರ್ಯರದೆಂದು ಗುರುತಿಸಿರುವ ಪಾದದ ಗುರುತು ಮತ್ತು ಅದನ್ನು ಮಾಡಿಸಿದವನ ಹೆಸರಿನ ಕನ್ನಡ ಬರಹವೂ ಇದೆ.

ಇಷ್ಟನ್ನು ಆಧಾರ ಸಹಿತ ಸೇರಿಸಿದರೆ ಆ ಲೇಖನ ಚುಟುಕಾಗಿ ಉಳಿಯುವುದಿಲ್ಲ. ಇದನ್ನು ಓದಿದ ಮಗುವಿಗೆ ಪಕ್ಕದ ಜಿಲ್ಲೆಯ ಆ ಬೆಟ್ಟ ಬೇರೆಯಾಗಿಯೇ ಕಾಣುತ್ತದೆ.

ನಮ್ಮ ಭಾಗದಲ್ಲಿ ಕೊರತೆ ಏಕೆ?

ಕರಾವಳಿಯ ಬಸದಿಗಳ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಹಲವು ಲೇಖನಗಳಿವೆ. ಮೂಡುಬಿದಿರೆ, ಉಜಿರೆ, ಮಂಗಳೂರು ಭಾಗದ ಕಾಲೇಜುಗಳಲ್ಲಿ ನಡೆದ ಕಾರ್ಯಾಗಾರಗಳು ಇದಕ್ಕೆ ಒಂದು ಕಾರಣ. ರಾಯಚೂರು, ದೇವದುರ್ಗ, ಮಾನ್ವಿ ಕಡೆ ಸಮಾಜದ ಮನೆಗಳು ಚದುರಿವೆ. ರಾಯಚೂರು ನಗರದಲ್ಲಿ ರಾಜಸ್ಥಾನದಿಂದ ಬಂದು ನೆಲೆಸಿದ ವ್ಯಾಪಾರಿ ಕುಟುಂಬಗಳಿವೆ. ಅವರ ಮನೆಮಾತು ಬೇರೆ.

ಇನ್ನೊಂದು ಕಾರಣ ಇತಿಹಾಸದಲ್ಲಿದೆ. ಕೃಷ್ಣಾ ತುಂಗಭದ್ರೆಯರ ನಡುವಿನ ಈ ನಾಡಿಗೆ ಶಾಸನಗಳಲ್ಲಿ ‘ಎಡೆದೊರೆ’ ಎಂದು ಹೆಸರು. ಇದು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಕೊಪ್ಪಳವೂ 1997ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇತ್ತು. ಬಿ. ಎಲ್. ರೈಸ್ ಅವರು ಹಳೆಯ ಮೈಸೂರು ಸಂಸ್ಥಾನದ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ತಂದಾಗ ನಮ್ಮ ಭಾಗ ಅದರೊಳಗೆ ಬರಲಿಲ್ಲ. ನಮ್ಮ ಕಡೆಯ ಕೆಲಸ ಹೈದರಾಬಾದ್ ಪುರಾತತ್ವ ಇಲಾಖೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಉಳಿಯಿತು. ಪಿ. ಬಿ. ದೇಸಾಯಿ ಅವರ ದಕ್ಷಿಣ ಭಾರತದ ಜೈನಧರ್ಮ ಮತ್ತು ಜೈನ ಶಾಸನಗಳ ಗ್ರಂಥ 1957ರಲ್ಲಿ ಸೊಲ್ಲಾಪುರದಿಂದ ಹೊರಬಂತು. ಹೈದರಾಬಾದ್ ಕರ್ನಾಟಕದ ಜೈನ ಶಾಸನಗಳಿಗೆ ಅದು ದೊಡ್ಡ ಆಧಾರ. ಅದೂ ಇಂಗ್ಲಿಷಿನಲ್ಲೇ ಇದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜಿಲ್ಲಾವಾರು ಶಾಸನ ಸಂಪುಟಗಳನ್ನು ಕನ್ನಡದಲ್ಲಿ ತಂದಿದೆ. ಅಂದರೆ ಮಾಹಿತಿ ಇದೆ, ಮೊಬೈಲಿನವರೆಗೆ ಬಂದಿಲ್ಲ.

ಎಚ್ಚರ ವಹಿಸಬೇಕಾದ ಸಂಗತಿಗಳು

ಭಕ್ತಿಯಿಂದ ಬರೆದದ್ದನ್ನು ವಿಕಿಪೀಡಿಯದಲ್ಲಿ ಬೇರೆಯವರು ತೆಗೆದುಹಾಕಿದಾಗ ನಮ್ಮವರಿಗೆ ಬೇಸರವಾಗುತ್ತದೆ. ನಿಯಮ ಗೊತ್ತಿದ್ದರೆ ಈ ಬೇಸರ ತಪ್ಪುತ್ತದೆ.

‘ಪರಮಪೂಜ್ಯ’, ‘ಪ್ರಾತಃಸ್ಮರಣೀಯ’ ಮುಂತಾದ ವಿಶೇಷಣಗಳು ವಿಶ್ವಕೋಶದ ಬರಹದಲ್ಲಿ ನಿಲ್ಲುವುದಿಲ್ಲ. ಇದು ಮುನಿಗಳಿಗೆ ಮಾಡುವ ಅಗೌರವವಲ್ಲ. ಎಲ್ಲ ಧರ್ಮದ ಗುರುಗಳಿಗೂ ಅದೇ ನಿಯಮ.

ದಿಗಂಬರ, ಶ್ವೇತಾಂಬರ ಪರಂಪರೆಗಳು ಬೇರೆ ಬೇರೆ ಹೇಳುವ ಕಡೆ ಎರಡನ್ನೂ ಬರೆಯಬೇಕು. ಒಂದನ್ನು ಅಳಿಸಿ ಇನ್ನೊಂದನ್ನು ಇಡುವಂತಿಲ್ಲ. ಅನೇಕಾಂತವನ್ನು ಬಲ್ಲ ಸಮಾಜಕ್ಕೆ ಇದು ಹೊಸ ಪಾಠವಲ್ಲ.

ಬಸದಿಯ ಟ್ರಸ್ಟಿನವರು ತಮ್ಮ ಬಸದಿಯ ಲೇಖನವನ್ನು ತಾವೇ ಹಿಗ್ಗಿಸುವ ಬದಲು ‘ಚರ್ಚೆ’ ಪುಟದಲ್ಲಿ ಮಾಹಿತಿ ಮತ್ತು ಆಧಾರ ಕೊಟ್ಟು, ಬೇರೆಯವರಿಗೆ ಸೇರಿಸಲು ಬಿಡುವುದು ಉತ್ತಮ. ಪಂಚಕಲ್ಯಾಣದ ಆಮಂತ್ರಣ, ದಾನಿಗಳ ಪಟ್ಟಿ, ಫೋನ್ ನಂಬರ್ ಅಲ್ಲಿ ಹಾಕುವಂಥವಲ್ಲ.

ಪುಸ್ತಕದ ಪುಟವನ್ನು ಹಾಗೆಯೇ ಇಳಿಸುವಂತಿಲ್ಲ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಸಂಗತಿ ತೆಗೆದುಕೊಂಡು ಸ್ವಂತ ಮಾತಿನಲ್ಲಿ ಬರೆದು, ಪುಸ್ತಕದ ಹೆಸರು, ಪುಟ ಕೊಡಬೇಕು. ಚಿತ್ರವೂ ತಾವೇ ತೆಗೆದದ್ದಾಗಿರಬೇಕು. ಗರ್ಭಗೃಹದಲ್ಲಿ ಚಿತ್ರ ತೆಗೆಯಲು ಅನುಮತಿ ಇಲ್ಲದ ಕಡೆ ತೆಗೆಯಬಾರದು.

ಯಾರು, ಹೇಗೆ ಆರಂಭಿಸಬಹುದು?

ಕಂಪ್ಯೂಟರ್ ವಿದ್ಯೆ ಹೆಚ್ಚು ಬೇಕಿಲ್ಲ. ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡಲು ಬಂದರೆ ಸಾಕು. ಮನೆಯ ಹಿರಿಯರು ವಿಷಯ ಹೇಳಿ, ಕಾಲೇಜಿಗೆ ಹೋಗುವ ಮಕ್ಕಳು ಬೆರಳಚ್ಚು ಮಾಡಿದರೆ ಕೆಲಸ ಬೇಗ ಸಾಗುತ್ತದೆ.

• ಮೊದಲು ಉಚಿತ ಖಾತೆ ತೆರೆಯಿರಿ. ‘ಪ್ರಯೋಗಪುಟ’ದಲ್ಲಿ ನಾಲ್ಕು ದಿನ ಬರೆದು ಅಭ್ಯಾಸ ಮಾಡಿ.
• ನಿಮ್ಮ ಊರಿನ, ನಿಮ್ಮ ಬಸದಿಯ, ನೀವು ಓದಿದ ಒಬ್ಬ ಜೈನ ಕವಿಯ ಲೇಖನ ಇದೆಯೇ ನೋಡಿ. ಹೆಸರನ್ನು ಎರಡು ಮೂರು ಬಗೆಯಲ್ಲಿ ಬರೆದು ಹುಡುಕಿ.
• ಚಿಕ್ಕದಿದ್ದರೆ ಚುಟುಕು ಎಂದು ಗುರುತಿಸಿ, ಸರಿಯಾದ ವರ್ಗ ಸೇರಿಸಿ. ಏನು ಬಿಟ್ಟಿದೆ ಎಂಬುದನ್ನು ಚರ್ಚೆ ಪುಟದಲ್ಲಿ ಬರೆಯಿರಿ.
• ‘ಸಂಪಾದಿಸಿ’ ಒತ್ತಿ ಒಂದು ಸಲಕ್ಕೆ ಒಂದೇ ಸಂಗತಿ, ಒಂದೇ ಆಧಾರ ಸೇರಿಸಿ. ತಪ್ಪಾದರೆ ‘ಇತಿಹಾಸ’ದಿಂದ ಹಳೆಯದನ್ನು ಮರಳಿ ತರಬಹುದು.
• ಸಂಶಯ ಬಂದರೆ ‘ಅರಳಿ ಕಟ್ಟೆ’ ಎಂಬ ಪುಟದಲ್ಲಿ ಕೇಳಿ. ಕನ್ನಡ ವಿಕಿಪೀಡಿಯದ ಸ್ವಯಂಸೇವಕರು ಕೂಡುವ ಕಟ್ಟೆ ಅದು.

ಅಪೂರ್ಣವನ್ನು ಪೂರ್ಣಗೊಳಿಸುವ ಪರಂಪರೆ

ವೀರಸೇನಾಚಾರ್ಯರು ‘ಜಯಧವಲಾ’ ಟೀಕೆಯನ್ನು ಅರ್ಧಕ್ಕೆ ಬಿಟ್ಟು ಸ್ವರ್ಗಸ್ಥರಾದಾಗ ಶಿಷ್ಯ ಜಿನಸೇನಾಚಾರ್ಯರು 837ರಲ್ಲಿ ಅದನ್ನು ಮುಗಿಸಿದರು. ಜಿನಸೇನರು ‘ಮಹಾಪುರಾಣ’ವನ್ನು ಪೂರ್ತಿ ಮಾಡಲಾಗದೆ ಹೋದಾಗ ಅವರ ಶಿಷ್ಯ ಗುಣಭದ್ರಾಚಾರ್ಯರು ಮುಂದುವರಿಸಿದರು. ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಆಹಾರ, ಔಷಧ, ಅಭಯದ ಜೊತೆಗೆ ಶಾಸ್ತ್ರದಾನವನ್ನೂ ನಾಲ್ಕು ದಾನಗಳಲ್ಲಿ ಎಣಿಸಿದ ಧರ್ಮ ನಮ್ಮದು.

ಜ್ಯೇಷ್ಠ ಶುದ್ಧ ಪಂಚಮಿಯಂದು ಶ್ರುತ ಪಂಚಮಿ ಆಚರಿಸಿ ಶಾಸ್ತ್ರಗಳ ಪೂಜೆ ಮಾಡುತ್ತೇವೆ. ಅಂದು ಪೂಜೆ ಮುಗಿದ ಮೇಲೆ ಪ್ರತಿ ಊರಿನ ಬಸದಿಯಲ್ಲಿ ನಾಲ್ಕು ಯುವಕರು, ಇಬ್ಬರು ಹಿರಿಯರು ಒಂದು ತಾಸು ಕುಳಿತು ತಮ್ಮ ಕ್ಷೇತ್ರದ ಒಂದು ಚುಟುಕು ಲೇಖನಕ್ಕೆ ಆಧಾರವಿರುವ ಐದು ಸಾಲು ಸೇರಿಸಿದರೂ ಒಳ್ಳೆಯ ಆರಂಭವೇ. ಪುಸ್ತಕ ಇರುವವರು ಪುಸ್ತಕ ತರಲಿ, ಟೈಪ್ ಬಲ್ಲವರು ಟೈಪ್ ಮಾಡಲಿ.

ಜೈ ಜಿನೇಂದ್ರ.