ಹೊಸಬರಿಗೆ ಹೊಣೆ ನಿಲ್ಲುವವರು

ನಾಲ್ಕನೆಯ ಶತಮಾನದ ಜೆರುಸಲೇಮಿನಲ್ಲಿ ಕ್ರೈಸ್ತನಾಗಬೇಕೆಂದವನು ಒಂಟಿಯಾಗಿ ಬಂದರೆ ಕೆಲಸ ಸಲೀಸಾಗಿ ಆಗುತ್ತಿರಲಿಲ್ಲ. ತಪಸ್ಸುಕಾಲ ಶುರುವಾಗುವಾಗ ದೊಡ್ಡ ದೇವಾಲಯದ ನಡುವೆ ಬಿಷಪ್ಪರ ಪೀಠ ಇಡುತ್ತಿದ್ದರು, ಎರಡೂ ಪಕ್ಕ ಗುರುಗಳು ಕೂರುತ್ತಿದ್ದರು. ಹೆಸರು ಕೊಟ್ಟವರನ್ನು ಒಬ್ಬೊಬ್ಬರಾಗಿ ಕರೆತರುವರು. ಗಂಡಸಿನ ಜೊತೆ ಅವನಿಗೆ ತಂದೆಯ ಸ್ಥಾನದಲ್ಲಿ ನಿಂತವನು, ಹೆಂಗಸಿನ ಜೊತೆ ಅವಳಿಗೆ ತಾಯಿಯ ಸ್ಥಾನದಲ್ಲಿ ನಿಂತವಳು. ಬಿಷಪ್ಪರು ವಿಚಾರಿಸುತ್ತಿದ್ದುದು ಅಕ್ಕಪಕ್ಕದ ಮನೆಯವರನ್ನು: ಇವನು ತಂದೆತಾಯಿಗೆ ಗೌರವ ಕೊಡುತ್ತಾನೆಯೇ? ಕುಡಿಯುತ್ತಾನೆಯೇ? ಸುಳ್ಳು ಹೇಳುತ್ತಾನೆಯೇ? ದೂರು ಇಲ್ಲವೆಂದರೆ ಬಿಷಪ್ಪರೇ ಕೈಯಾರೆ ಹೆಸರು ಬರೆದುಕೊಳ್ಳುವರು. ಇದ್ದರೆ, ತಿದ್ದಿಕೊಂಡು ಬಾ ಎಂದು ಕಳಿಸುವರು.

ಪಶ್ಚಿಮದ ನಾಡಿನಿಂದ ಯಾತ್ರೆಗೆ ಬಂದಿದ್ದ ಎಜೇರಿಯಾ ಎಂಬ ಮಹಿಳೆ 380ರ ದಶಕದಲ್ಲಿ ಇದನ್ನು ಕಣ್ಣಾರೆ ಕಂಡು ತನ್ನ ಊರಿನ ಸೋದರಿಯರಿಗೆ ಬರೆದಳು. ಪರಿಚಯದವರಿಲ್ಲದ ಪರಸ್ಥಳದವರಿಗೆ ಈ ಹಂತ ದಾಟುವುದು ಅಷ್ಟು ಸುಲಭವಲ್ಲ ಎಂದೂ ಸೇರಿಸಿದ್ದಾಳೆ. ಹೊಸಬರನ್ನು ಬರಮಾಡಿಕೊಂಡು, ಕಲಿಸಿ, ಜ್ಞಾನಸ್ನಾನದವರೆಗೆ ಕರೆದೊಯ್ಯಲು ಪ್ರಾಚೀನ ಸಭೆ ಕಟ್ಟಿಕೊಂಡಿದ್ದ ಈ ಏರ್ಪಾಡಿಗೆ ಕ್ಯಾಟಕ್ಯುಮೆನೇಟ್ ಎಂದು ಹೆಸರು. ಕ್ರೈಸ್ತರು ಕಟ್ಟಿದ ಸಂಸ್ಥೆಗಳಲ್ಲಿ ಇಷ್ಟು ಮನುಷ್ಯತ್ವ ಇರುವುದು ಕಡಿಮೆ ಎಂಬುದು ನನ್ನ ಎಣಿಕೆ.

ರೋಮಿನ ಹಿಪ್ಪೊಲಿಟಸನ ಹೆಸರಿನಲ್ಲಿ ಬಂದಿರುವ ‘ಅಪೊಸ್ತಲಿಕ ಸಂಪ್ರದಾಯ’ ಎಂಬ ಹಳೆಯ ನಿಯಮಗ್ರಂಥ ಕಲಿಕೆಗೆ ಮೂರು ವರ್ಷ ಎನ್ನುತ್ತದೆ. ಆದರೆ ಆಸಕ್ತಿಯಿಂದ ಕಲಿತವನಿಗೆ ಕಾಲವನ್ನು ಲೆಕ್ಕ ಹಿಡಿಯಬೇಡಿ, ನಡತೆ ನೋಡಿ ಎಂದೂ ಹೇಳುತ್ತದೆ. ಕೊನೆಗೆ ಕೇಳುವ ಪ್ರಶ್ನೆಗಳೂ ನಡತೆಯವೇ: ವಿಧವೆಯರನ್ನು ಗೌರವಿಸಿದನೇ, ರೋಗಿಗಳನ್ನು ಹೋಗಿ ನೋಡಿದನೇ? ಕರೆತಂದವರು ಸಾಕ್ಷಿ ಹೇಳಬೇಕು. ಕಸುಬಿನ ವಿಚಾರಣೆಯೂ ನಡೆಯುತ್ತಿತ್ತು. ಅಖಾಡದಲ್ಲಿ ಕಾದಾಡುವವನು ಅದನ್ನು ಬಿಡಬೇಕು. ಮಕ್ಕಳಿಗೆ ಲೋಕದ ವಿದ್ಯೆ ಕಲಿಸುವ ಮೇಷ್ಟ್ರು ಬಿಟ್ಟರೆ ಒಳ್ಳೆಯದು. ಬೇರೆ ಕಸುಬು ಗೊತ್ತಿಲ್ಲದಿದ್ದರೆ ಮುಂದುವರಿಯಲಿ. ಅಷ್ಟು ಕಟ್ಟುನಿಟ್ಟಿನ ಪಟ್ಟಿಯ ನಡುವೆ ಒಬ್ಬ ಮೇಷ್ಟ್ರ ಹೊಟ್ಟೆಪಾಡನ್ನು ಯಾರೋ ನೆನೆದಿದ್ದಾರೆ.

ಜೆರುಸಲೇಮಿನ ಪಾಠ ಬೆಳಗ್ಗೆ ಸುಮಾರು ಮೂರು ಗಂಟೆ ನಡೆಯುತ್ತಿತ್ತು. ಕಲಿಯುವವರು ಬಿಷಪ್ಪರ ಸುತ್ತ ಕೂರುತ್ತಿದ್ದರು, ಅವರ ಹೊಣೆ ಹೊತ್ತವರು ಅಲ್ಲೇ ನಿಂತಿರುತ್ತಿದ್ದರು. ಬಿಷಪ್ಪರು ಮಾತಾಡುತ್ತಿದ್ದುದು ಗ್ರೀಕಿನಲ್ಲಿ. ಸಿರಿಯಾಕ್ ಮಾತ್ರ ಬಲ್ಲವರಿಗಾಗಿ ಒಬ್ಬ ಗುರು ಪಕ್ಕದಲ್ಲೇ ನಿಂತು ಅನುವಾದಿಸುತ್ತಿದ್ದ. ಲ್ಯಾಟಿನ್ ಆಡುವವರಿಗೆ ಎರಡೂ ಭಾಷೆ ಬಲ್ಲ ಸಹೋದರ ಸಹೋದರಿಯರು ಬಿಡಿಸಿ ಹೇಳುತ್ತಿದ್ದರು. ಕನ್ನಡ, ತುಳು, ಕೊಂಕಣಿ, ತಮಿಳು ಒಂದೇ ಗುಡಿಯೊಳಗೆ ಕೇಳಿಬರುವ ನಮ್ಮ ಕಡೆಯವರಿಗೆ ಈ ಶ್ರಮ ಎಂಥದ್ದೆಂದು ಹೇಳಬೇಕಾಗಿಲ್ಲ. ಅದೇ ಊರಿನಲ್ಲಿ ಸುಮಾರು 350ರಲ್ಲಿ ಸಿರಿಲ್ ನೀಡಿದ ಉಪನ್ಯಾಸಗಳು ಇಂದಿಗೂ ಉಳಿದಿವೆ.

ಈ ಪರಂಪರೆಯಲ್ಲಿ ನನಗೆ ಬಲು ಪ್ರಿಯವಾದದ್ದು ಆಗಸ್ಟೀನ್ ಬರೆದ ಒಂದು ಕಿರುಪುಸ್ತಕ. ಮಗುವಾಗಿದ್ದಾಗಲೇ ಅವರ ಹೆಸರು ದೀಕ್ಷಾರ್ಥಿಗಳ ಸಾಲಿಗೆ ಸೇರಿತ್ತು. ಜ್ಞಾನಸ್ನಾನ ಆದದ್ದು ಮೂವತ್ತು ದಾಟಿದ ಮೇಲೆ, 387ರ ಈಸ್ಟರ್‌ನಲ್ಲಿ, ಮಿಲಾನಿನ ಬಿಷಪ್ ಆಂಬ್ರೋಸರ ಕೈಯಿಂದ. ಕಾಯುವುದು ಅಂದರೇನೆಂದು ಅವರಿಗೆ ಗೊತ್ತಿತ್ತು. ಸುಮಾರು 400ರಲ್ಲಿ ಕಾರ್ತೇಜಿನ ಸೇವಾಗುರು ದೇವೊಗ್ರಾತಿಯಾಸ್ ಎಂಬಾತ ಆಗಸ್ಟೀನರಲ್ಲಿ ತನ್ನ ಕಷ್ಟ ತೋಡಿಕೊಂಡ: ಹೊಸಬರಿಗೆ ಹೇಳಿದ್ದನ್ನೇ ಹೇಳಿ ನನ್ನ ಮಾತು ನನಗೇ ಸಪ್ಪೆಯಾಗಿದೆ. ಆಗಸ್ಟೀನ್ ಕೊಟ್ಟ ಉತ್ತರ ಯಾವ ಮೇಷ್ಟ್ರಿಗಾದರೂ ಪಾಠ. ಬಂದವನು ಏಕೆ ಬಂದನೆಂದು ಮೊದಲು ಕೇಳು, ಅವನು ಹೇಳಿದ ಮಾತಿನಿಂದಲೇ ಆರಂಭಿಸು. ಓದಿದವನಿಗೆ ಏನೂ ತಿಳಿಯದವನಿಗೆ ಹೇಳಿದಂತೆ ಹೇಳಬೇಡ. ನಿಂತು ಕೇಳುವವನು ಆಕಳಿಸಿದರೆ ಏನಾದರೂ ಖುಷಿಯ ಮಾತಾಡು. ಕೂರಲು ಆಸನ ಕೊಡು, ಮೊದಲೇ ಕೊಟ್ಟಿದ್ದರೆ ಇನ್ನೂ ಚೆನ್ನ. ನೋಡಿ ನೋಡಿ ಸಾಕಾದ ನಮ್ಮೂರನ್ನು ಮೊದಲ ಸಲ ಬಂದ ಗೆಳೆಯನಿಗೆ ತೋರಿಸುವಾಗ ನಮಗೂ ಅದು ಹೊಸದಾಗುವುದಿಲ್ಲವೇ ಎಂದು ಕೇಳುತ್ತಾರೆ. ಕೇಳುಗನ ಮೇಲೆ ಪ್ರೀತಿ ಇದ್ದರೆ ಹಳೆಯ ಮಾತೂ ಹೊಸದಾಗುತ್ತದೆ ಎಂಬುದು ಅವರ ತಾತ್ಪರ್ಯ.

ಶಿಶುಗಳಿಗೆ ಜ್ಞಾನಸ್ನಾನ ಕೊಡುವುದೇ ರೂಢಿಯಾದ ಮೇಲೆ ಈ ಏರ್ಪಾಡು ಕ್ರಮೇಣ ಮರೆಯಾಯಿತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಅದನ್ನು ಮತ್ತೆ ಎತ್ತಿ ನಿಲ್ಲಿಸಲು ತೀರ್ಮಾನಿಸಿತು, 1972ರಲ್ಲಿ ವಯಸ್ಕರಿಗಾಗಿ ಹೊಸ ವಿಧಿಗ್ರಂಥ ಬಂತು. ವಿಚಾರಿಸಿ ತಿಳಿಯುವ ಕಾಲ, ಕಲಿಕೆಯ ಕಾಲ, ತಪಸ್ಸುಕಾಲದ ಸಿದ್ಧತೆ, ಈಸ್ಟರ್ ಜಾಗರಣೆಯ ರಾತ್ರಿ ಜ್ಞಾನಸ್ನಾನ, ಆಮೇಲೂ ಮುಂದುವರಿಯುವ ಉಪದೇಶ: ಕ್ಯಾಥೋಲಿಕ್ ಸಭೆಯಲ್ಲಿ ಈಗ ಕ್ರಮ ಇದು.

ಹೊಣೆ ಎಂಬುದು ಪಾಠಕ್ಕೇ ಮುಗಿಯುವುದಿಲ್ಲ ಎಂಬುದಕ್ಕೆ ನಮ್ಮ ಕರಾವಳಿಯಲ್ಲೇ ಸಾಕ್ಷಿಯಿದೆ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ದೀಕ್ಷೆ ಪಡೆದವರಲ್ಲಿ ಎಷ್ಟೋ ಜನ ಮನೆ, ಜಾತಿ, ಕಸುಬು ಮೂರನ್ನೂ ಕಳೆದುಕೊಂಡರು. ಶೇಂದಿ ಇಳಿಸುವುದು ಕ್ರೈಸ್ತನಿಗೆ ತಕ್ಕ ಕೆಲಸವಲ್ಲ ಎಂದ ಮೇಲೆ ಅವನು ಉಣ್ಣುವುದೇನನ್ನು? ಮಿಷನ್ ಮುದ್ರಣ, ನೇಯ್ಗೆ ಕಲಿಸಿತು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಮಂಗಳೂರು ಹಂಚಿನ ಖ್ಯಾತಿಯ ಬುಡದಲ್ಲಿ ಇರುವುದು ಈ ಪ್ರಶ್ನೆ. ಗುಡಿ, ಕೂಲಿ, ಬಿಡಾರ ಎಲ್ಲವೂ ಒಂದೇ ಕೈಯಲ್ಲಿದ್ದರೆ ಹೊಸಬನು ಆ ಕೈಗೆ ಅಧೀನನಾಗುವ ಅಪಾಯ ಇದ್ದೇ ಇದೆ, ಅದನ್ನು ಮುಚ್ಚಿಡಬಾರದು. ಆದರೂ ಹಳೆಯ ಕಸುಬು ಬಿಡಿಸಿದವರು ಹೊಸದನ್ನು ಕಲಿಸಬೇಕೆಂದು ಹೊರಟದ್ದು ಸರಿಯಾದ ದಾರಿಯೇ.

ಇಂದು ನಮ್ಮ ಸಭೆಗಳು ಎಡವುವುದು ಜ್ಞಾನಸ್ನಾನದ ನಂತರ ಎಂದು ನನಗನ್ನಿಸುತ್ತದೆ. ಆ ದಿನ ಹಾರ, ಫೋಟೊ, ಊಟ. ಕೆಲವು ತಿಂಗಳಲ್ಲಿ ಹೊಸಬರು ಹಿಂದಿನ ಬೆಂಚಿನಲ್ಲಿ ಒಬ್ಬರೇ ಕೂತಿರುತ್ತಾರೆ. ಮುಂದಿನ ಈಸ್ಟರ್‌ಗೆ ಯಾರಿಗಾದರೂ ಜ್ಞಾನಸ್ನಾನ ಕೊಡಲಿರುವ ಗುರುಗಳು, ಸಭಾಪಾಲಕರು, ಹಿರಿಯರು ದಯವಿಟ್ಟು ಈಗಲೇ ಒಂದು ಮನೆಯವರನ್ನು ಗೊತ್ತುಮಾಡಲಿ. ಅವರು ಹೊಸಬರ ಭಾಷೆ ಬಲ್ಲವರಾಗಿರಲಿ, ಕಾಯಿಲೆ ಕಸಾಲೆಗೆ ಓಡಿಬರುವಷ್ಟು ಹತ್ತಿರದಲ್ಲಿರಲಿ, ಒಂದು ವರ್ಷವಾದರೂ ಜೊತೆಗಿರುವುದಾಗಿ ಮಾತು ಕೊಟ್ಟವರಾಗಿರಲಿ. ಅಂಥ ಮನೆ ಸಿಗುವವರೆಗೆ ದಿನ ಗೊತ್ತುಮಾಡಬೇಡಿ.