ಮುಳ್ಳು ಹೇಳೋದು ಎಷ್ಟು ಖರೆ?

ನಮ್ಮ ವಿಜಯಪುರ ಜಿಲ್ಲೆಯ ಊರೂರಿಗೂ ಪಿಕಪ್ ಗಾಡಿ ಬಂದಿವೆ. ಇಂಡಿಯ ನಿಂಬೆಹಣ್ಣು, ಸಿಂದಗಿಯ ಹತ್ತಿ, ಮುದ್ದೇಬಿಹಾಳದ ತೊಗರಿ, ಬಸವನ ಬಾಗೇವಾಡಿಯ ಉಳ್ಳಾಗಡ್ಡಿ ಈ ಗಾಡಿಯಲ್ಲೇ ಪೇಟೆಗೆ ಹೋಗ್ತಾವ. ಇಂಡಿ ನಿಂಬೆಗೆ 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಅದರ ಹೆಸರು ದೂರದ ಊರಿಗೂ ಮುಟ್ಟಿತು.

ಗಾಡಿ ಮನೆಯದಿರಬಹುದು, ಬಾಡಿಗೆಯದಿರಬಹುದು. ಆದರೆ ಹಣ್ಣು ಆರಿಸಿ ಚೀಲ ತುಂಬಿದವರು ನೀವು. ನಡುದಾರಿಯಲ್ಲಿ ಡೀಸೆಲ್ ಮುಗಿದು ಗಾಡಿ ನಿಂತರೆ ಏನಾಗ್ತದ? ಮುಂಜಾನೆಯ ಸವಾಲು ತಪ್ಪುತ್ತದೆ. ಬೆಲೆ ಕೈ ತಪ್ಪುತ್ತದೆ. ಅದಕ್ಕೇ ಡೀಸೆಲ್ ಎಷ್ಟಿದೆ, ಎಷ್ಟು ದೂರ ಸಾಕಾಗ್ತದ ಎನ್ನೋದು ನಿಮಗೂ ಗೊತ್ತಿರಬೇಕು.

ಮುಳ್ಳು ನೋಡೋದು ಹೇಗೆ?

ಡ್ರೈವರ್ ಮುಂದೆ ಗಡಿಯಾರದಂತಹ ಒಂದು ಬಿಲ್ಲೆ ಇದೆ. ಅದರಲ್ಲಿ ಒಂದು ಮುಳ್ಳು. ಒಂದು ಕಡೆ ಇಂಗ್ಲಿಷಿನ 'ಇ' ಅಕ್ಷರ. ಅದು ಮೂರು ಹಲ್ಲಿನ ಹಣಿಗೆಯಂತೆ ಕಾಣುತ್ತದೆ. 'ಇ' ಅಂದರೆ ಖಾಲಿ. ಇನ್ನೊಂದು ಕಡೆ 'ಎಫ್' ಅಕ್ಷರ. ಅದಕ್ಕೆ ಎರಡೇ ಹಲ್ಲು. 'ಎಫ್' ಅಂದರೆ ಟಾಕಿ ತುಂಬಿದೆ. ಕೆಲವು ಹೊಸ ಗಾಡಿಗಳಲ್ಲಿ ಮುಳ್ಳಿನ ಬದಲು ಸಣ್ಣ ಸಣ್ಣ ಪಟ್ಟಿಗಳು ಇರುತ್ತವೆ.

ಟಾಕಿಯ ಒಳಗೆ ಏನಿದೆ?

ಬಾವಿಯಲ್ಲಿ ಮಕ್ಕಳು ಬೆಂಡು ಕಟ್ಟಿಕೊಂಡು ಈಜು ಕಲಿಯೋದು ನೋಡಿದ್ದೀರಿ. ಡೀಸೆಲ್ ಟಾಕಿಯೊಳಗೂ ಅಂಥದೇ ಒಂದು ಬೆಂಡು ತೇಲುತ್ತದೆ. ಡೀಸೆಲ್ ಇಳಿದರೆ ಬೆಂಡು ಇಳೀತದ. ಬೆಂಡಿಗೆ ಒಂದು ಕಡ್ಡಿ ಇದೆ. ಕಡ್ಡಿ ಸರಿದಂತೆ ತಂತಿಯಲ್ಲಿ ಹರಿಯುವ ಕರೆಂಟ್ ಹೆಚ್ಚು ಕಡಿಮೆ ಆಗ್ತದ. ಅದರಂತೆ ಮುಳ್ಳು ಸರೀತದ.

ಮುಳ್ಳು ಯಾಕೆ ತಪ್ಪು ಹೇಳ್ತದ?

ಒಂದು ಕೊಡ ನೋಡ್ರಿ. ಕಂಠ ಸಣ್ಣ, ಹೊಟ್ಟೆ ದೊಡ್ಡದು. ಕಂಠದಲ್ಲಿ ನಾಲ್ಕು ಬೆರಳು ನೀರು ಇಳಿದರೆ ಸ್ವಲ್ಪೇ ನೀರು ಹೋದಂತೆ. ಹೊಟ್ಟೆಯಲ್ಲಿ ನಾಲ್ಕು ಬೆರಳು ಇಳಿದರೆ ಬಹಳ ನೀರು ಹೋದಂತೆ. ಟಾಕಿಯೂ ಎಲ್ಲಾ ಕಡೆ ಒಂದೇ ಅಗಲ ಇರೋದಿಲ್ಲ. ಬೆಂಡಿಗೆ ಎಷ್ಟು ಬೆರಳು ಇಳಿಯಿತು ಎನ್ನೋದು ಮಾತ್ರ ಗೊತ್ತು. ಎಷ್ಟು ಲೀಟರ್ ಹೋಯಿತು ಎನ್ನೋದು ಗೊತ್ತಿಲ್ಲ.

ಟಾಕಿ ಪೂರ್ತಿ ತುಂಬಿದಾಗ ಬೆಂಡು ಮೇಲೆ ಹೋಗಿ ತಡೆದು ನಿಲ್ಲುತ್ತದೆ. ಆಗ ಒಂದಿಷ್ಟು ಡೀಸೆಲ್ ಖರ್ಚಾದರೂ ಮುಳ್ಳು 'ಎಫ್' ಬಿಟ್ಟು ಅಲುಗೋದಿಲ್ಲ. ಆಮೇಲೆ ಬೇಗ ಬೇಗ ಇಳಿದಂತೆ ಕಾಣುತ್ತದೆ.

ಗಾಡಿ ಏರಿನಲ್ಲಿ ನಿಂತರೆ ಡೀಸೆಲ್ ಒಂದು ಕಡೆ ಸರೀತದ. ಆಗಲೂ ಮುಳ್ಳು ತಪ್ಪು ಹೇಳ್ತದ. ಆದ್ದರಿಂದ ಸಮ ನೆಲದಲ್ಲಿ ನಿಲ್ಲಿಸಿ, ಚಾವಿ ಹಾಕಿ, ಸ್ವಲ್ಪ ಹೊತ್ತು ತಡೆದು ನೋಡ್ರಿ.

ಮುಳ್ಳಿಗೆ ದೂರ ಗೊತ್ತಿಲ್ಲ

ಒಂದೇ ಗಾಡಿ, ಒಂದೇ ಡೀಸೆಲ್. ಆದರೂ ಓಡುವ ದೂರ ಬೇರೆ ಬೇರೆ. ಚೀಲ ಹೇರಿದಾಗ ಹೆಚ್ಚು ಡೀಸೆಲ್ ಬೇಕು. ಖಾಲಿ ಗಾಡಿಗೆ ಕಡಿಮೆ ಸಾಕು. ಕೆಟ್ಟ ರಸ್ತೆ, ಟೈರಿನಲ್ಲಿ ಕಡಿಮೆ ಗಾಳಿ, ಅತಿ ವೇಗ ಇವೂ ಡೀಸೆಲ್ ತಿನ್ನುತ್ತವೆ.

ಕೆಲವು ಗಾಡಿಗಳು ಇನ್ನೂ ಎಷ್ಟು ಕಿಲೋಮೀಟರ್ ಓಡಬಹುದು ಎಂದು ಅಂಕಿಯಲ್ಲೇ ತೋರಿಸುತ್ತವೆ. ಆ ಅಂಕಿ ಈಚೆಗೆ ಗಾಡಿ ಓಡಿದ ರೀತಿಯ ಮೇಲೆ ಹಾಕಿದ ಅಂದಾಜು. ನಿನ್ನೆ ಖಾಲಿ ಬಂದ ಗಾಡಿ ಇವತ್ತು ದೊಡ್ಡ ಅಂಕಿ ತೋರಿಸಬಹುದು. ಚೀಲ ಹೇರಿ ಹೊರಟರೆ ಅಷ್ಟು ದೂರ ಹೋಗೋದಿಲ್ಲ.

ಲೆಕ್ಕ ನೀವೇ ಇಡ್ರಿ

ಓದು ಬರಹ ಬಂದವರಿಗೆ ಈ ಲೆಕ್ಕ ಕಷ್ಟವಲ್ಲ. ಒಂದು ನೋಟುಬುಕ್ಕು ಸಾಕು.

ಮೊದಲು ಟಾಕಿ ಪೂರ್ತಿ ತುಂಬಿಸ್ರಿ. ಗಾಡಿಯ ಕಿಲೋಮೀಟರ್ ಅಂಕಿ ಬರೀರಿ. ಅದು 45,300 ಇದೆ ಅನ್ನೋಣ. ಗಾಡಿ ಎರಡು ಸಲ ಪೇಟೆಗೆ ಹೋಗಿ ಬರಲಿ. ಮತ್ತೆ ಪೂರ್ತಿ ತುಂಬಿಸ್ರಿ. ಈಗ ಅಂಕಿ 45,520. ಟಾಕಿ ಹಿಡಿದ ಡೀಸೆಲ್ 20 ಲೀಟರ್.

45,520ರಲ್ಲಿ 45,300 ಕಳೆದರೆ 220. ಅದನ್ನು 20ರಿಂದ ಭಾಗಿಸಿದರೆ 11. ಅಂದರೆ 1 ಲೀಟರಿಗೆ 11 ಕಿಲೋಮೀಟರ್.

ಇಂಡಿಯಿಂದ ವಿಜಯಪುರ ಸುಮಾರು 55 ಕಿಲೋಮೀಟರ್. ಹೋಗಿ ಬರಲು 110. ಈ ಗಾಡಿಗೆ 10 ಲೀಟರ್ ಬೇಕು.

ಲೀಟರ್ ಅಂಕಿಯನ್ನು ಪಂಪಿನ ಮೀಟರಿನಿಂದಲೇ ಬರೀರಿ. ಸರಕಾರದ ಅಳತೆ ಇಲಾಖೆ ಆ ಮೀಟರನ್ನು ಪರೀಕ್ಷೆ ಮಾಡಿ ಮುದ್ರೆ ಹಾಕ್ತದ. ತುಂಬಿಸುವ ಮೊದಲು ಮೀಟರಿನಲ್ಲಿ ಸೊನ್ನೆ ಇದೆಯೋ ಇಲ್ಲವೋ ನೋಡ್ರಿ.

ಹೀಗೆ ನಾಲ್ಕು ಸಲ ಲೆಕ್ಕ ಮಾಡ್ರಿ. ಬಂದ ಅಂಕಿಗಳಲ್ಲಿ ಸಣ್ಣದನ್ನು ನಂಬ್ರಿ. 11 ಇದ್ದದ್ದು ಒಮ್ಮೆಲೇ 8 ಆದರೆ ಏನೋ ದೋಷ ಇದೆ. ಡೀಸೆಲ್ ಸೋರುತ್ತಿರಬಹುದು. ಹೇರು ಹೆಚ್ಚಾಗಿರಬಹುದು. ಬರೆದಿಟ್ಟ ಲೆಕ್ಕ ಇದ್ದರೆ ಕೇಳಲು ಧೈರ್ಯ ಬರ್ತದ.

ಕಾಲು ಟಾಕಿ ಉಳಿದಿರಲಿ

'ಇ' ಮುಟ್ಟಿದ ಮೇಲೂ ಸ್ವಲ್ಪ ಡೀಸೆಲ್ ಇರ್ತದ ಎಂದು ಹಲವರು ಓಡಿಸುತ್ತಾರೆ. ಆ ಸ್ವಲ್ಪ ಎಷ್ಟು ಎನ್ನೋದು ಗಾಡಿಯಿಂದ ಗಾಡಿಗೆ ಬೇರೆ. ಡೀಸೆಲ್ ಪೂರ್ತಿ ಮುಗಿದರೆ ಪೈಪಿನೊಳಗೆ ಗಾಳಿ ಸೇರ್ತದ. ಆಮೇಲೆ ಡೀಸೆಲ್ ಹಾಕಿದರೂ ಗಾಡಿ ಕೂಡಲೇ ಚಾಲೂ ಆಗೋದಿಲ್ಲ. ಗಾಳಿ ತೆಗೆಯಬೇಕು. ಬಹಳ ಸಲ ಮಿಸ್ತ್ರಿಯನ್ನೇ ಕರೆಸಬೇಕಾಗ್ತದ.

ರಾತ್ರಿ ಯಾರಿಗಾದರೂ ಹೆರಿಗೆ ಬೇನೆ ಬಂದರೆ ಮೊದಲು 108ಕ್ಕೆ ಫೋನ್ ಮಾಡ್ರಿ. ಆಂಬುಲೆನ್ಸ್ ಬರುವುದು ತಡವಾದರೆ ಊರಲ್ಲಿರುವ ಗಾಡಿಯೇ ಗತಿ. ಆ ಹೊತ್ತಿನಲ್ಲಿ ಹತ್ತಿರದ ಪಂಪ್ ಮುಚ್ಚಿರಬಹುದು. ಆದ್ದರಿಂದ ಮುಳ್ಳು ಕಾಲು ಭಾಗಕ್ಕೆ ಬಂತೆಂದರೆ ಟಾಕಿ ಖಾಲಿ ಎಂದೇ ತಿಳೀರಿ. ಅವತ್ತೇ ತುಂಬಿಸಲು ಹೇಳ್ರಿ.

ಮಾಡಿ ನೋಡ್ರಿ

ಸಿಂದಗಿಯಿಂದ ವಿಜಯಪುರ ಸುಮಾರು 60 ಕಿಲೋಮೀಟರ್. ಹೋಗಿ ಬರಲು ಎಷ್ಟು ಕಿಲೋಮೀಟರ್? 1 ಲೀಟರಿಗೆ 10 ಕಿಲೋಮೀಟರ್ ಓಡುವ ಗಾಡಿಗೆ ಎಷ್ಟು ಲೀಟರ್ ಡೀಸೆಲ್ ಬೇಕು? ನಿಮ್ಮ ನೋಟುಬುಕ್ಕಿನಲ್ಲಿ ಬರೀರಿ.